ಸೋಲಾಪುರ ಮೂವತ್ತೆರಡು

1999ರ ಜುಲೈ ಹದಿಮೂರು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ವೇಣೂಬಾಯಿ ಸೋಲಾಪುರದ ಸಾತ್ ರಸ್ತಾದ ಸೈಬರ್ ಕೆಫೆಯೊಂದರಲ್ಲಿ ಕುಳಿತು, ತಮಗೆ ಪರಿಚಯವೇ ಇಲ್ಲದ ಇಬ್ಬರು ಪ್ರೇಮಿಗಳ ಮಾತು ಕಡಿಯುತ್ತಿದ್ದರು.

ಪ್ರೇಮಿಗಳಲ್ಲಿ ಒಬ್ಬ ಹುಬ್ಬಳ್ಳಿಯವನು. ಇನ್ನೊಬ್ಬಳು ತಾನು ಮಂಗಳೂರಿನವಳೆಂದು ಹೇಳಿಕೊಳ್ಳುತ್ತಿದ್ದಳು. ಪರದೆಯ ಮೇಲಿನ ಚಾಟ್ ರೂಮಿನಲ್ಲಿ, ಇನ್ನೂ ಇಪ್ಪತ್ತು ಮಂದಿಯ ಎದುರಿಗೇ, ಊಟವಾಯಿತೇ, ಏನು ಊಟ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ವಿಚಾರಿಸಿಕೊಳ್ಳುತ್ತಿದ್ದರು. ವೇಣೂಬಾಯಿ ಕೈಗಡಿಯಾರ ಬಿಚ್ಚಿ ಕೀಬೋರ್ಡಿನ ಪಕ್ಕದಲ್ಲಿಟ್ಟಿದ್ದರು. ಮೂರು ನಿಮಿಷ ಮುಗಿದದ್ದೇ ದೊಡ್ಡಕ್ಷರಗಳಲ್ಲಿ ಹೊಡೆದರು: ‘ತ್ರೀ ಮಿನಿಟ್ಸ್ ಓವರ್. ಎಕ್ಸ್‌ಟೆಂಡ್ ಮಾಡಬೇಕೇನ್ರಿ?’ ಉತ್ತರ ಬರಲಿಲ್ಲ. ಅದೇ ಸಾಲನ್ನು ಮತ್ತೆ ಹೊಡೆದರು, ಮತ್ತೂ ಹೊಡೆದರು. ಪ್ರೇಮವು ಪರದೆಯ ಮೇಲ್ತುದಿಗೆ ಸರಿದು ಮಾಯವಾಯಿತು.

“ಆತ್ಯಾ, ಇದು ಟ್ರಂಕ್ ಕಾಲ್ ಅಲ್ಲ,” ಎಂದಳು ಮುಕ್ತಾ. ಅವಳು ವೇಣೂಬಾಯಿಯ ತಮ್ಮನ ಮಗಳು; ಬಿ.ಎಸ್ಸಿ. ಮುಗಿಸಿ ಆ ಕೆಫೆಯನ್ನು ನೋಡಿಕೊಳ್ಳುತ್ತಿದ್ದಳು. “ಅವರು ದಿನಾಪೂರ್ತಿ ಮಾತಾಡ್ಲಿ, ನಿನಗೇನಾಗಬೇಕು?”

“ದಿನಾಪೂರ್ತಿ ಈಗೇ ಮಾತಾಡಿ ಮುಗಿಸಿದರ ಮದಿವಿ ಆದಮ್ಯಾಲ ಏನ್ ಮಾತಾಡ್ತಾರ? ನಾ ಅವರ ಸಂಸಾರ ಉಳಸಾಕತ್ತೀನಿ.”

ವೇಣೂಬಾಯಿಗೆ ಅರವತ್ತು ವರ್ಷ. ಅದರಲ್ಲಿ ಮೂವತ್ತಾರನ್ನು ಅವರು ಸೋಲಾಪುರದ ದೂರವಾಣಿ ಕಚೇರಿಯಲ್ಲಿ, ಬಹುಪಾಲು ಟ್ರಂಕ್ ಬೋರ್ಡಿನ ಮುಂದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಳೆದಿದ್ದರು. ಊರಿಂದೂರಿಗೆ ಮಾತಾಡಬೇಕಾದರೆ ಕರೆ ಬುಕ್ ಮಾಡಿ, ಫೋನಿನ ಪಕ್ಕದಲ್ಲೇ ಉಂಡು ಮಲಗಿ ಕಾಯಬೇಕಿದ್ದ ಕಾಲ ಅದು. ಆಪರೇಟರ್ ಆದವಳು ಒಂದು ತೂತಿನಿಂದ ಇನ್ನೊಂದು ತೂತಿಗೆ ವೈರು ಚುಚ್ಚಿ ಎರಡೂ ಕಡೆಯವರನ್ನು ಕೂಡಿಸಬೇಕು, ಮೂರು ನಿಮಿಷಕ್ಕೊಮ್ಮೆ ನಡುವೆ ಬಾಯಿ ಹಾಕಿ ಇನ್ನೂ ಬೇಕೇ ಎಂದು ಕೇಳಬೇಕು, ಬೇಡವೆಂದರೆ ಕಡಿಯಬೇಕು. ವೇಣೂಬಾಯಿ ಹೀಗೆ ಮಂತ್ರಿಗಳನ್ನು ಕಡಿದಿದ್ದರು, ಸಕ್ಕರೆ ಕಾರ್ಖಾನೆಯ ಚೇರ್ಮನ್ನರನ್ನು ಕಡಿದಿದ್ದರು. ಒಬ್ಬ ಸ್ವಾಮಿಗಳನ್ನು ಆಶೀರ್ವಾದದ ನಡುವೆಯೇ ಕಡಿದದ್ದರಿಂದ ಉಳಿದರ್ಧ ಆಶೀರ್ವಾದ ಇನ್ನೂ ತಮ್ಮ ಬಳಿಯೇ ಇದೆ ಎನ್ನುತ್ತಿದ್ದರು. ಅವರು ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳೆಲ್ಲ ಮೂರು ನಿಮಿಷಕ್ಕಿಂತ ಹೆಚ್ಚು ಮಾತಾಡಿದರೆಂಬುದು ಅವರು ಕೊಡುತ್ತಿದ್ದ ಕಾರಣ.

ಅಕ್ಕಲಕೋಟೆಯ ಹೆಣ್ಣು, ಕನ್ನಡ ಬರುತ್ತದೆ ಎಂದು ಅವರನ್ನು ಕರ್ನಾಟಕದ ಲೈನುಗಳ ಮುಂದೆ ಕೂರಿಸಿದ್ದರು. ವಿಜಾಪುರದ ಲೈನಿನ ಆ ತುದಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ದನಿ ಇತ್ತು. ಆಪರೇಟರುಗಳು ಹೆಸರು ಹೇಳುವಂತಿರಲಿಲ್ಲ, ಬರೀ ನಂಬರು. ಈಕೆ ಸೋಲಾಪುರ ಮೂವತ್ತೆರಡು, ಆಕೆ ವಿಜಾಪುರ ಹನ್ನೊಂದು. ಕರೆಗಳ ನಡುವಿನ ಬಿಡುವಿನಲ್ಲಿ ಸ್ವಂತದ ಮಾತಾಡುವುದಂತೂ ನಿಯಮದ ಪ್ರಕಾರ ಅಪರಾಧ. ಇಬ್ಬರೂ ಆ ಅಪರಾಧವನ್ನು ತಪ್ಪದೆ ಮಾಡುತ್ತಿದ್ದರು, ಮತ್ತು ಅದೇ ಕಾರಣಕ್ಕೆ ಹೆಸರನ್ನು ಮಾತ್ರ ಬೇಕೆಂದೇ ಕೇಳುತ್ತಿರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೆ, ಸೂಪರ್‌ವೈಸರ್ ಕರೆದು ಕೇಳಿದಾಗ ಸುಳ್ಳು ಹೇಳುವ ಕಷ್ಟವಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರನ್ನು, ದಾರಿಯ ವಳಸಂಗ ಊರು ದಾಟುವಷ್ಟರಲ್ಲಿ, ‘ಯಾರ ಪೈಕಿ? ತಾಯಿ ತವರುಮನಿ ಯಾವುದು?’ ಎಂದು ಬೇರುಸಹಿತ ಕಿತ್ತು ನೋಡುತ್ತಿದ್ದ ವೇಣೂಬಾಯಿ, ಜೀವದ ಗೆಳತಿಯ ಹೆಸರೊಂದನ್ನು ಕೇಳಿರಲಿಲ್ಲ.

ಹೆಸರು ಬಿಟ್ಟು ಮಿಕ್ಕದ್ದೆಲ್ಲ ಗೊತ್ತಿತ್ತು. ಮುಖ್ಯವಾಗಿ ಹನ್ನೊಂದರ ಅತ್ತೆ ಗೊತ್ತಿದ್ದಳು. ಆ ಅತ್ತೆಗೆ ಮೂವರು ಸೊಸೆಯಂದಿರು, ಒಂದು ಕಬ್ಬಿಣದ ಸಂದೂಕ, ಮತ್ತು ಅಪಾರ ದೈವಭಕ್ತಿ. ಸೋಮವಾರ ಮನೆಯಲ್ಲಿ ಒಲೆ ಹೊತ್ತುವಂತಿಲ್ಲ; ಸೊಸೆಯಂದಿರು ಹನಿ ನೀರು ಕುಡಿಯುವಂತಿಲ್ಲ. ಅತ್ತೆ ಮಾತ್ರ ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಸಂದೂಕವಿದ್ದ ಕೋಣೆಯಲ್ಲಿ ಒಂದು ತಾಸು ಜಪಕ್ಕೆ ಕೂರುವಳು. ಸಂದೂಕದ ಕೀಲಿ ಅವಳ ಸೊಂಟದಲ್ಲಿ. ‘ನನ್ನ ಸೇವಾ ಯಾರ ಮಾಡ್ತಾರೋ ಇದರಾಗಿಂದು ಅವರಿಗೆ’ ಎಂದು ಆಗಾಗ ಹೇಳುವಳು. ಮೂವರೂ ಪೈಪೋಟಿಯಲ್ಲಿ ಸೇವೆ ಮಾಡಿದರು, ಪೈಪೋಟಿಯಲ್ಲಿ ಉಪವಾಸ ಮಾಡಿದರು. 1992ರಲ್ಲಿ ಅತ್ತೆ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದು ಸಂದೂಕ ತೆರೆದ ಮರುದಿನ ಬೆಳಿಗ್ಗೆ ವಿಜಾಪುರ ಹನ್ನೊಂದು ಲೈನಿಗೆ ಬಂದಳು.

“ಮೂರೂ ಮಂದಿ ಕುಂತ್ವಿ. ಹಿರಿ ಸೊಸಿ ಕೀಲಿ ಹಾಕಿದ್ಲು. ನಾ ಮುಚ್ಚಳ ಎತ್ತಿದೆ. ಮೂವತ್ತೆರಡು, ಒಳಗ ಏನಿತ್ತಂದ್ರ... ತಡಿ, ಪಾರ್ಟಿ ಬಂತು.”

ಪಾರ್ಟಿ ಎಂದರೆ ಕರೆ ಬುಕ್ ಮಾಡಿದ ಗಿರಾಕಿ. ಆ ಹೊತ್ತಿನವನು ಒಬ್ಬ ಕಡಲೆಕಾಯಿ ವ್ಯಾಪಾರಿ. ಅವನು ಮೂರು ಸಲ ಎಕ್ಸ್‌ಟೆಂಡ್ ಮಾಡಿಸಿದ. ಅಷ್ಟರಲ್ಲಿ ಎಂಜಿನಿಯರುಗಳು ಬಂದು ವಿಜಾಪುರದ ಲೈನನ್ನು ನೇರ ಡಯಲಿಗೆ ಹಾಕಿಬಿಟ್ಟರು. ಯಾವ ಕೆಲಸವನ್ನೂ ಹೇಳಿದ ದಿನ ಮಾಡದ ಆ ಜನ ಇದೊಂದನ್ನು ಒಂದು ದಿನ ಮೊದಲೇ ಮಾಡಿದ್ದರು. ಬೋರ್ಡು ಸತ್ತಿತು.

ಮರುದಿನ ವೇಣೂಬಾಯಿ ವಿಜಾಪುರದ ಕಚೇರಿಗೆ ತಾವೇ ಡಯಲ್ ಮಾಡಿ ಹನ್ನೊಂದನ್ನು ಕೇಳಿದರು. “ಹನ್ನೊಂದು ನಾನೇ,” ಎಂದಿತು ಒಂದು ಗಂಡುದನಿ. “ನಂಬರ್ ಎಲ್ಲಾ ಬದಲಾಗ್ಯಾವ್ರಿ. ಹೆಣ್ಣಮಕ್ಕಳನ್ನೆಲ್ಲಾ ಬ್ಯಾರೆ ಬ್ಯಾರೆ ಊರಿಗೆ ಹಾಕ್ಯಾರ. ನಿಮಗ ಬೇಕಾದವರ ಹೆಸರ ಹೇಳ್ರಿ.”

ಹೇಳಲು ಹೆಸರಿರಲಿಲ್ಲ. ಹೀಗೆ ಏಳು ವರ್ಷ ಆ ಸಂದೂಕ ವೇಣೂಬಾಯಿಯ ತಲೆಯೊಳಗೆ ಮುಚ್ಚಳ ತೆರೆದುಕೊಂಡು ಕೂತಿತ್ತು. ನಿವೃತ್ತಿಯಾದರು, ಕಣ್ಣಿನ ಪೊರೆ ತೆಗೆಸಿದರು, ಅಕ್ಕಲಕೋಟೆಯಲ್ಲಿ ತಮ್ಮ ಅನಂತನ ಮನೆ ಸೇರಿದರು. ಸಂದೂಕದಲ್ಲಿ ಏನಿತ್ತೆಂದು ಮಾತ್ರ ತಿಳಿಯಲಿಲ್ಲ. ಅದನ್ನು ತಿಳಿಯದೆ ಸತ್ತರೆ ಮೇಲೆ ಹೋಗಿ ಆ ಅತ್ತೆಯನ್ನೇ ಕೇಳಬೇಕಾಗುತ್ತದೆ, ಅವಳಂತೂ ಹೇಳುವವಳಲ್ಲ ಎಂಬುದು ಅವರ ಚಿಂತೆ.

1999ರ ಮೊದಲಲ್ಲಿ ಮುಕ್ತಾ ಕೆಫೆಯ ಕೆಲಸಕ್ಕೆ ಸೇರಿದಳು. ಕಳೆದುಹೋದ ಗೆಳೆಯರನ್ನು ಹುಡುಕಿಕೊಡುವ ತಾಣವೊಂದು ಇಂಟರ್ನೆಟ್ಟಿನಲ್ಲಿದೆ ಎಂದು ಮನೆಯಲ್ಲಿ ಬಾಯಿತಪ್ಪಿ ಹೇಳಿದಳು. ಮುಂದಿನ ಮಂಗಳವಾರ ವೇಣೂಬಾಯಿ ಅವಳೊಡನೆ ಬಸ್ಸು ಹತ್ತಿದರು. ಬೆಳಗಿನ ಹೊತ್ತು ಕೆಫೆಯಲ್ಲಿ ಜನವಿರುತ್ತಿರಲಿಲ್ಲ. ಮೂಲೆಯ ಕಂಪ್ಯೂಟರು ಅವರದಾಯಿತು.

ಆ ತಾಣದ ತತ್ವ ಸರಳ: ನೀವು ನಿಮ್ಮ ಗೆಳೆಯರನ್ನು ಬರೆಯಿರಿ, ಅವರು ತಮ್ಮ ಗೆಳೆಯರನ್ನು ಬರೆಯುತ್ತಾರೆ, ಹೀಗೆ ಒಬ್ಬರ ಕೈ ಒಬ್ಬರು ಹಿಡಿದು ಭೂಮಿಯ ಮೇಲಿನ ಯಾರನ್ನಾದರೂ ಮುಟ್ಟಬಹುದು. ವೇಣೂಬಾಯಿ ಮೊದಲ ಖಾನೆಯಲ್ಲಿ ‘ವಿಜಾಪುರ 11’ ಎಂದು ಬರೆದರು. ಹೆಸರಿನಲ್ಲಿ ಅಂಕಿ ಇರಬಾರದೆಂದು ಯಂತ್ರ ಕೆಂಪಕ್ಷರದಲ್ಲಿ ಹೇಳಿತು. ಉಳಿದ ಖಾನೆಗಳಲ್ಲಿ ಅಕ್ಕಲಕೋಟೆಯ ಗೆಳತಿಯರ ಹೆಸರು ಬರೆದು, ಇ-ಮೇಲ್ ವಿಳಾಸ ಕೇಳಿದಲ್ಲಿ ಅವರವರ ಹಳೆಯ ಎರಡಂಕಿಯ ಫೋನ್ ನಂಬರು ಹಾಕಿದರು. ಯಂತ್ರ ಒಂದನ್ನೂ ಒಪ್ಪಲಿಲ್ಲ. ಕೊನೆಗೆ ಒಂದು ಸಾಲು ಮೂಡಿಸಿತು: ‘ನಿಮ್ಮ ಗೆಳೆಯರು: 0.’

“ಸೊನ್ನಿ?” ಎಂದರು ವೇಣೂಬಾಯಿ. “ಅರ್ಧಾ ಜಿಲ್ಲಾ ಕೂಡಿಸಿದಾಕಿಗೆ ಸೊನ್ನಿ? ಮುಕ್ತಾ, ಈ ಡಬ್ಬಿ ಯಾರ ಪೈಕಿನೇ?”

ಆಗ ಮುಕ್ತಾ ಅವರನ್ನು ಸಮಾಧಾನಪಡಿಸಲು ಕರ್ನಾಟಕದವರ ಚಾಟ್ ರೂಮ್ ತೋರಿಸಿದಳು. ವೇಣೂಬಾಯಿ ಕನ್ನಡಕ ಒರೆಸಿಕೊಂಡು ನೋಡಿದರು. ಯಾರಿಗೂ ಹೆಸರಿಲ್ಲ, ಊರೋ ಗೀರೋ ಒಂದು ಪದ, ಅದರ ಬಾಲಕ್ಕೊಂದು ಅಂಕಿ. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರ ಮುಖವೂ ಕಾಣುವುದಿಲ್ಲ, ನಡುನಡುವೆ ಲೈನು ಹೋಗುತ್ತದೆ. ಇದು ಅವರು ಮೂವತ್ತಾರು ವರ್ಷ ಬದುಕಿದ ಜಾಗವೇ. ಕುರ್ಚಿ ಎಳೆದುಕೊಂಡು ಕುಳಿತರು. ‘ಸೋಲಾಪುರ’ ಎಂಬ ಹೆಸರನ್ನು ಬೇರೆ ಯಾರೋ ಹಿಡಿದಿದ್ದಾರೆ, ಮುಂದೊಂದು ಅಂಕಿ ಸೇರಿಸಿ ಎಂದು ಯಂತ್ರವೇ ಸೂಚಿಸಿತು. “ಈಗ ದಾರಿಗೆ ಬಂತು,” ಎಂದು ‘ಸೋಲಾಪುರ32’ ಆದರು.

ಅಂದಿನಿಂದ ಪ್ರತಿ ಮಂಗಳವಾರ ಒಂದೇ ಪದ್ಧತಿ. ರೂಮಿಗೆ ಹೋದಕೂಡಲೇ ‘ವಿಜಾಪುರ ಹನ್ನೊಂದು ಲೈನ್ ಮ್ಯಾಲ ಇದ್ದೀಯೇನು?’ ಎಂದು ಮೂರು ಸಲ ಕರೆಯುವುದು. ಉತ್ತರವಿಲ್ಲದಿದ್ದರೆ ಗಡಿಯಾರ ಬಿಚ್ಚಿಟ್ಟು ಉಳಿದವರ ಮಾತು ಕಡಿಯುತ್ತ ಕಾಯುವುದು. ಹನ್ನೊಂದಕ್ಕೂ ಇವರಂತೆಯೇ ಚಟವಿರಬಹುದು, ಎಂದಾದರೂ ಬಂದಾಳು ಎಂಬ ನಂಬಿಕೆ. ಆಕೆ ಬರಲಿಲ್ಲ. ಗಂಡಸರು ಬಂದರು. ಬಾಲದ ಅಂಕಿಯನ್ನು ವಯಸ್ಸೆಂದು ತಿಳಿಯುವುದು ಆ ರೂಮಿನ ರೂಢಿಯಾಗಿತ್ತು. ಹೆಸರೇನು, ಊರು ಯಾವುದು, ಮನೆ ಎಲ್ಲಿ, ಬಣ್ಣ ಯಾವುದು, ಮದುವೆಯಾಗಿದೆಯೇ ಎಂದು ಸಾಲುಗಟ್ಟಿ ಕೇಳಿದರು. ವೇಣೂಬಾಯಿ ಸುಳ್ಳು ಹೇಳುವವರಲ್ಲ. ಹೆಸರು ವೇಣು, ಊರು ಅಕ್ಕಲಕೋಟೆ, ಮನೆ ತಹಶೀಲ್ ಕಚೇರಿಯ ಅನಂತನದು, ಬಣ್ಣ ಗೋಧಿ, ಮದುವೆಯಾಗಿಲ್ಲ ಎಂದರು. ವಯಸ್ಸನ್ನು ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲ.

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ ಅನಂತನ ಮನೆಯ ಮುಂದೆ ಕಪ್ಪು ಕನ್ನಡಕದ, ಹೊಸ ಶರ್ಟಿನ ಒಬ್ಬ ತರುಣ ಮೋಟಾರ್ ಸೈಕಲ್ ನಿಲ್ಲಿಸಿದ. ಅನಂತ ತಹಶೀಲ್ ಕಚೇರಿಯ ಗುಮಾಸ್ತ. ಮುಕ್ತಾಳಿಗೆ ವರ ಹುಡುಕುತ್ತಿದ್ದವರು. ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟು, “ಬರ್ರಿ, ಕುಂದರ್ರಿ. ಯಾರು ಬೇಕಾಗಿತ್ರಿ?” ಎಂದರು.

“ಇಲ್ಲಿ ವೇಣು ಅಂತ ಒಬ್ರು... ಮೂವತ್ತೆರಡು ವರ್ಷದವರು,” ಎಂದ ತರುಣ, ಕನ್ನಡಕ ತೆಗೆಯುತ್ತ.

ವೇಣೂಬಾಯಿ ಸೊಪ್ಪು ಸೋಸುತ್ತಿದ್ದ ಮೊರ ಹಿಡಿದೇ ಹೊರಗೆ ಬಂದರು. “ನಾನೇ ವೇಣು. ಯಾವ ಊರಪ್ಪಾ?”

ತರುಣ ಅವರನ್ನು ನೋಡಿದ, ಮೊರ ನೋಡಿದ, ಮೋಟಾರ್ ಸೈಕಲ್ ಕಡೆ ನೋಡಿದ. “ಮೈಂದರ್ಗಿ, ರೀ.”

“ಯಾರ ಪೈಕಿ?”

“ಕಿರಾಣಿ ಅಮೃತಪ್ಪನ ಮಗಾರಿ. ಗುರುನಾಥ.”

“ಅಯ್ಯ! ಅಮೃತಪ್ಪನ ಮಗ? ನೀ ಹುಟ್ಟಿದ್ದು ನಿಮ್ಮಪ್ಪಗಿಂತ ಮೊದಲ ನನಗ ಗೊತ್ತು. ನಿಮ್ಮವ್ವ ಹಡೀಲಿಕ್ಕೆ ವಿಜಾಪುರಕ್ಕ ಹೋಗಿದ್ಲು. ನಿಮ್ಮ ಸ್ವಾದರಮಾವ ಅರ್ಜೆಂಟ್ ಕಾಲ್ ಬುಕ್ ಮಾಡಿ, ಗಂಡಸಮಗ, ಮೂಗು ನಮ್ಮದಲ್ಲ ಅಂತ ಒದರಿದ್ದ. ಇತ್ತ ತಿರುಗು, ಮಾರಿ ನೋಡೂಣು. ಖರೇನ, ಮೂಗು ಅವರದಲ್ಲ.”

ಗುರುನಾಥ ಮೂಗು ಮುಟ್ಟಿಕೊಂಡ. “ಮತ್ತ ಆ ಮೂವತ್ತೆರಡು ಅಂದ್ರ ಏನ್ರಿ?”

“ಅದು ನನ್ನ ನಂಬರು. ವಯಸ್ಸು ಅರವತ್ತು. ನಡಿ ಒಳಗ, ಅವಲಕ್ಕಿ ತಿಂದು ಹೋಗು.”

ಅವನು ಅವಲಕ್ಕಿ ತಿಂದ; ಬೇಡವೆನ್ನುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಅವನು ಹೋದಮೇಲೆ ಅನಂತ ಬಾಗಿಲು ಹಾಕಿದರು.

“ಅಕ್ಕಾ, ಮಗಳಿಗೆ ವರಾ ಬರಲಿ ಅಂತ ನಾ ದೇವರಿಗೆ ಬೇಡಿಕೊಂಡರ ನಿನಗ ಬಂದಾವ! ತಹಶೀಲ್ ಆಫೀಸಿನ್ಯಾಗ ನಾ ಹ್ಯಾಂಗ ಮಾರಿ ತೋರಸ್ಲಿ? ಒಂದೋ ಆ ನಂಬರ್ ಬಿಡು, ಇಲ್ಲಾ ಸೋಲಾಪುರಕ್ಕ ಹೋಗೂದು ಬಿಡು.”

“ನಂಬರ್ ಬಿಟ್ಟರ ಆಕಿ ನನ್ನ ಹ್ಯಾಂಗ ಗುರ್ತು ಹಿಡೀಬೇಕೋ ಅನಂತ್ಯಾ?”

“ಆಕಿ ಯಾರು?”

ವೇಣೂಬಾಯಿ ಹೇಳಿದರು. ನಿಯಮ ಮುರಿದ ಗುಟ್ಟಾದ್ದರಿಂದ ಇಷ್ಟು ವರ್ಷ ಮನೆಯವರಿಗೂ ಹೇಳಿರಲಿಲ್ಲ. ಅತ್ತೆ, ಸೊಸೆಯಂದಿರು, ಸೋಮವಾರ, ಕೀಲಿ, ಎಲ್ಲ ಬಂತು. ಅನಂತ ಮೊದಲು ನಿಂತು ಕೇಳಿದರು. ಕೀಲಿ ಹಾಕುವ ಹೊತ್ತಿಗೆ ಕುಳಿತಿದ್ದರು.

“ಮುಚ್ಚಳ ಎತ್ತಿದ್ಲು. ಮುಂದ?”

“ಮುಂದ ಪಾರ್ಟಿ ಬಂತು.”

“ಸಂದೂಕದಾಗ ಏನಿತ್ತು?”

“ಗೊತ್ತಿದ್ದರ ಅರವತ್ತನೇ ವರ್ಷಕ್ಕ ಮೈಂದರ್ಗಿ ಹುಡುಗಗ ಅವಲಕ್ಕಿ ಯಾಕ ಹಾಕ್ತಿದ್ದೆ?”

ಅನಂತ ಆ ರಾತ್ರಿ ಊಟದ ನಡುವೆ ಕೈ ನಿಲ್ಲಿಸಿ, “ಬಂಗಾರ ಇರಬೇಕು,” ಎಂದರು. ಸೋಮವಾರ ಕಚೇರಿಯಿಂದ ಬಂದವರೇ, “ಬಂಗಾರ ಅಲ್ಲ. ಹೊಲದ ಕಾಗದ,” ಎಂದರು. ಮಂಗಳವಾರ ಬೆಳಿಗ್ಗೆ ವೇಣೂಬಾಯಿ ಸೀರೆ ನಿರಿಗೆ ಸರಿಮಾಡಿಕೊಳ್ಳುವ ಮೊದಲೇ ಅವರ ಚೀಲ ತಾವೇ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟರು. “ಮೂರು ಸಲಾ ಅಲ್ಲ, ಆರು ಸಲಾ ಕರಿ ಅಕ್ಕಾ,” ಎಂದು ಬಸ್ಸಿನ ಕಿಟಕಿಯ ಬಳಿ ನಿಂತು ಹೇಳಿ ಕಳಿಸಿದರು.

ಗುರುನಾಥನ ಕಥೆ ಬೇರೆ. ಅವನು ಅವಮಾನವನ್ನು ಒಬ್ಬನೇ ನುಂಗುವವನಲ್ಲ. ಅಂಗಡಿಯ ಮಾಲಿಗೆಂದು ಸೋಲಾಪುರಕ್ಕೆ ಹೋದಾಗಲೆಲ್ಲ ಬೇರೊಂದು ಕೆಫೆಗೆ ನುಗ್ಗಿ, ಕನ್ನಡದವರಿದ್ದ ಒಂದೊಂದು ರೂಮಿನಲ್ಲೂ ಎಚ್ಚರಿಕೆ ಅಂಟಿಸಿದ: ‘ಸೋಲಾಪುರ32 ಸಂಗಡ ಯಾರೂ ಮಾತಾಡಬ್ಯಾಡ್ರಿ. ಅರವತ್ತು ವರ್ಷದ ಮುದುಕಿ. ಮೂರು ನಿಮಿಷಕ್ಕ ಕಟ್ ಮಾಡ್ತಾಳ. ಮನಿಗೆ ಹೋದ್ರ ಮೂಗು ನೋಡ್ತಾಳ.’

ಎಚ್ಚರಿಕೆಗಳ ಸ್ವಭಾವದಂತೆ ಇದೂ ಹಬ್ಬಿತು. ವೇಣೂಬಾಯಿ ರೂಮಿಗೆ ಕಾಲಿಟ್ಟರೆ ‘ಮೂರು ನಿಮಿಷದ ಅಜ್ಜಿ ಬಂದ್ರು’ ಎಂದು ಗದ್ದಲವಾಗುತ್ತಿತ್ತು. ಕೆಲವರು ಕಡಿಸಿಕೊಳ್ಳಲೆಂದೇ ಪ್ರೇಮಿಸತೊಡಗಿದರು. ಮುಕ್ತಾ ನಾಚಿ, “ಆತ್ಯಾ, ಹೆಸರು ಬದಲಿಸೂಣು. ಎಲ್ಲಾರೂ ನಗಾಕತ್ತಾರ,” ಎಂದಳು.

“ನಗಲಿ. ನಕ್ಕರ ಇನ್ನೊಬ್ಬರಿಗೆ ಹೇಳ್ತಾರ,” ಎಂದರು ವೇಣೂಬಾಯಿ, ಪರದೆಯಿಂದ ಕಣ್ಣು ತೆಗೆಯದೆ.

ಅಕ್ಟೋಬರಿನಲ್ಲಿ, ಅದೂ ಮಂಗಳವಾರವೇ, ಎಂದಿನಂತೆ ಕರೆದು ಗಡಿಯಾರ ಬಿಚ್ಚಿಡುತ್ತಿದ್ದಾಗ, ಶ್ರದ್ಧಾ ಎಂಬ ಹೆಸರಿನವರೊಬ್ಬರು ಬರೆದರು. ಕಲಬುರ್ಗಿಯವಳಂತೆ. ಚಾಟ್ ರೂಮಿನಲ್ಲಿ ಮೂರು ನಿಮಿಷಕ್ಕೆ ಮಾತು ಕಡಿಯುವ ಮುದುಕಿಯೊಬ್ಬಳಿದ್ದಾಳೆ ಎಂದು ನಿನ್ನೆ ಊಟಕ್ಕೆ ಕೂತಾಗ ನಗೆಚಾಟಿಕೆಗೆ ಹೇಳಿದಳಂತೆ. ಮುದುಕಿಯ ಹೆಸರಿನ ಮುಂದಿರುವ ಅಂಕಿ ಎಷ್ಟೆಂದು ಅವಳ ಅತ್ತೆ ಕೇಳಿದರಂತೆ. ಮೂವತ್ತೆರಡು ಎಂದದ್ದೇ ತುತ್ತು ತಟ್ಟೆಯಲ್ಲೇ ಬಿಟ್ಟು ಎದ್ದರಂತೆ. ಕೊನೆಯ ಸಾಲು ಹೀಗಿತ್ತು:

‘ನಮ್ಮ ಅತ್ತಿ ಕೇಳಾಕತ್ತಾರ್ರಿ, ಸಂದೂಕದ ಕಥಿ ಎಲ್ಲಿಗೆ ನಿಂತಿತ್ತು ಅಂತ.’

ವೇಣೂಬಾಯಿಯ ಬೆರಳುಗಳು ಕೀಲಿಗಳನ್ನು ಮರೆತವು. “ನೀ ಹೊಡಿ ಮುಕ್ತಾ,” ಎಂದರು. “ಮುಚ್ಚಳ ಎತ್ತಿದಲ್ಲಿಗೆ, ಅಂತ ಹೊಡಿ. ಲಗೂನ ಹೊಡಿ, ಲೈನ್ ಹೋದೀತು.”

ಲೈನು ಹೋಗಲಿಲ್ಲ. ಕಲಬುರ್ಗಿಯ ಫೋನ್ ನಂಬರು ಬಂತು. ಶ್ರದ್ಧಾ ಇನ್ನೂ ಏನೋ ಬರೆಯುತ್ತಿದ್ದಳು. ವೇಣೂಬಾಯಿ ಆಗಲೇ ಚಪ್ಪಲಿ ಮೆಟ್ಟಿದ್ದರು. ಬಸ್ಸಿನಲ್ಲಿ ಪಕ್ಕದ ಹೆಂಗಸನ್ನು ಯಾರ ಪೈಕಿ ಎಂದು ಕೇಳಲಿಲ್ಲ. ವಳಸಂಗ ಬಂತು, ಹೋಯಿತು, ಅದನ್ನೂ ನೋಡಲಿಲ್ಲ.

ಸಂಜೆ ಆರಕ್ಕೆ ಮನೆಯ ಫೋನಿನ ಮುಂದೆ ಕುಳಿತರು. ಅನಂತ ಕಚೇರಿಯಿಂದ ಬೇಗ ಬಂದು ಬಾಗಿಲ ಚೌಕಟ್ಟಿಗೆ ಒರಗಿದ್ದರು. ವೇಣೂಬಾಯಿ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಲೈನಿನ ಮೇಲೆ ಮೂರನೆಯ ಕಿವಿ ಇರಬಾರದು. ನಂಬರು ತಿರುಗಿಸಿದರು. ಆ ಕಡೆ ಎತ್ತಿದರು.

“ಸೋಲಾಪುರ ಮೂವತ್ತೆರಡು,” ಎಂದರು ವೇಣೂಬಾಯಿ.

ಅದೇ ದನಿ, ಸ್ವಲ್ಪ ಒರಟಾಗಿ: “ಎಲ್ಲಿ ಹಾಳಾಗಿ ಹೋಗಿದ್ದೆವ್ವಾ? ತಡಿ ಅಂದ್ರ ಏಳ ವರ್ಷ ತಡೀತಾರ?”

“ಮುಚ್ಚಳ ಎತ್ತಿದಿ. ಮುಂದ ಹೇಳು.”

“ಬಿಸ್ಕೀಟು.”

“ಏನು?”

“ಬಿಸ್ಕೀಟ! ಬಂಗಾರಿಲ್ಲ, ಬೆಳ್ಳಿಲ್ಲ. ತುಂಬ ಗ್ಲುಕೋಸ್ ಬಿಸ್ಕೀಟಿನ ಪುಡಾ. ಒಡೀಲಾರದವು ಒಂದ್ ಮಗ್ಗಲಕ, ತಿಂದು ಮಡಚಿಟ್ಟ ಕಾಗದ ಒಂದ್ ಮಗ್ಗಲಕ. ಸೋಮವಾರ ಬಾಗಲಾ ಹಾಕ್ಕೊಂಡು ಕುಂದರತಿದ್ಲಲ್ಲ, ಅದು ಜಪಾ! ನಾವು ಮೂರೂ ಮಂದಿ ಹೊರಗ ಹನಿ ನೀರಿಲ್ಲದ ಒಣಗೀವಿ, ಮುದುಕಿ ಒಳಗ ಕುರುಂ ಕುರುಂ!”

“ಮತ್ತ ನೀವೇನ್ ಮಾಡಿದ್ರಿ?”

“ಹಿರಿ ಸೊಸಿ ಅತ್ಲು. ನಡುವಿನಾಕಿ ಬೈದ್ಲು. ನಾ ಒಂದು ಪುಡಾ ಒಡದು ಅಲ್ಲೇ ಕುಂತು ತಿಂದೆ. ಅಂದು ಸೋಮವಾರ, ಮೂವತ್ತೆರಡು! ನಿನ್ನ ಪಾಲಿಂದೊಂದು ಎತ್ತಿಟ್ಟೀನಿ. ಏಳ ವರ್ಷದಿಂದ ಐತಿ. ಈಗ ತಿಂದ್ರ ನೀನೂ ನಮ್ಮತ್ತಿ ಬಲ್ಲಿ ಹೋಗ್ತಿ.”

ಆಮೇಲೆ ಹೊರಗಿದ್ದ ಅನಂತನಿಗೆ ಕೇಳಿದ್ದು ನಗು ಮಾತ್ರ. ನಗು ನಿಲ್ಲುವುದು, ಪಿಸುಮಾತು, ಮತ್ತೆ ನಗು. ಅವರು ಅಂಗಳದಲ್ಲಿ ಅಡ್ಡಾಡಿದರು. ದೀಪ ಹಚ್ಚುವ ಹೊತ್ತಾಯಿತು. ಮುಕ್ತಾ ಬಂದಳು, ಚಹಾ ಆಯಿತು, ವೇಣೂಬಾಯಿಯ ಚಹಾ ಆರಿತು. ಏಳೂಕಾಲಿಗೆ ಬಾಗಿಲು ತೆರೆಯಿತು.

“ಏನಿತ್ತಂತ?” ಎಂದು ಅಪ್ಪ ಮಗಳು ಒಟ್ಟಿಗೇ ಕೇಳಿದರು.

ವೇಣೂಬಾಯಿ ಹೇಳಿದರು. ಅನಂತ ಬಂಗಾರವನ್ನೂ ಹೊಲದ ಕಾಗದವನ್ನೂ ಒಟ್ಟಿಗೆ ಕಳೆದುಕೊಂಡವರಂತೆ ಕುಳಿತರು. ಆಮೇಲೆ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. ಕಣ್ಣೊರೆಸಿಕೊಂಡು, “ಆಕಿ ಹೆಸರೇನಂತ?” ಎಂದರು.

ವೇಣೂಬಾಯಿ ಆರಿದ ಚಹಾ ಕೈಗೆತ್ತಿಕೊಂಡರು. “ಅಯ್ಯ, ಕೇಳೂದ ಮರತೆ.”

“ಎಸ್‌ಟಿಡಿ ಹಚ್ಚಿ ಒಂದೂಕಾಲು ತಾಸು ಮಾತಾಡಿ ಹೆಸರು ಕೇಳಿಲ್ಲ?”

“ಎಲ್ಲಿ ಒಂದೂಕಾಲು ತಾಸೋ?” ಎಂದು ವೇಣೂಬಾಯಿ ಬಿಚ್ಚಿಟ್ಟಿದ್ದ ಕೈಗಡಿಯಾರವನ್ನು ಅದರ ಮುಖ ನೋಡದೆ ಕಟ್ಟಿಕೊಂಡರು. ಮೂವತ್ತಾರು ವರ್ಷ ಬೋರ್ಡಿನ ಮುಂದೆ ಹೇಳಿದ ಗಟ್ಟಿ ದನಿಯಲ್ಲೇ ಹೇಳಿದರು: “ಮೂರು ನಿಮಿಷ.”